ಗಾಣದ ಮನೆಯ ರೇಡಿಯೋ

ಆ ಮುಂಜಾನೆ ಕೊಲ್ಹಾಪುರದಲ್ಲಿ ಮಳೆ ಬೀಳುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಸಣ್ಣ ಹನಿ ಗಾಳಿಯಲ್ಲೇ ತೂಗಾಡುತ್ತಿತ್ತು. ಬೆಲ್ಲದ ಪೇಟೆಯ ಅಂಗಡಿಯಲ್ಲಿ ಅರ್ಧ ಬಾಗಿಲು ಎಳೆದುಕೊಂಡು, ಕಿವಿಗೆ ಫೋನು ಒತ್ತಿಕೊಂಡು ಹರ್ಷದ ಗಾದಿಯ ಮೇಲೆ ಕೂತಿದ್ದ. ಅಣ್ಣನ ಕೊಲೆ ಇನ್ನೂ ಶುರುವಾಗಿರಲಿಲ್ಲ.

ಫೋನಿನ ಆ ತುದಿ ಗಡಹಿಂಗ್ಲಜದ ಆಚೆ, ಅವರದೇ ಊರಿನ ಕಬ್ಬಿನ ಹೊಲದಲ್ಲಿತ್ತು. ಎಲೆಯ ಮೇಲೆ ಹನಿ ಬೀಳುವ ಸದ್ದು. ಮಲ್ಲಾರಿಯ ಉಸಿರು. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಮಲ್ಲಾರಿ ಬಂದನೆಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೈಕಾಲು ಮುರಿಯುವುದೇ ಅವನ ದಂಧೆ.

ಅಂದು ಕ್ಷಮಾವಾಣಿ. ವರ್ಷವಿಡೀ ಮಾಡಿದ ತಪ್ಪಿಗೆ ಜೈನರು ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುವ ದಿನ. ಅಣ್ಣ ಸಮ್ಮೇದ, ಹತ್ತು ದಿನದ ಪರ್ವದ ವ್ರತ ಮುಗಿಸಿ, ಬರಿಗಾಲಲ್ಲಿ, ಒಬ್ಬನೇ ಆ ಹೊಲದ ಹಾದಿಯಲ್ಲೇ ಬಸದಿಗೆ ಹೋಗುತ್ತಾನೆಂದು ಮಲ್ಲಾರಿಗೆ ಹೇಳಿಕೊಟ್ಟವನು ಹರ್ಷದನೇ.

ಜಗಳ ಬಾವಿಯ ಹೊಲದ್ದು. ಪುಣೆಯ ಗಿರಾಕಿ ಕಾಯುತ್ತಿದ್ದ. ಅಣ್ಣ ಸಹಿ ಹಾಕುತ್ತಿರಲಿಲ್ಲ. ಹೋದ ವರ್ಷ ಅಂಗಳದಲ್ಲಿ ಮಾತಿಗೆ ಮಾತು ಬೆಳೆದು ಹರ್ಷದ ಕಬ್ಬು ಕಡಿಯುವ ಕೊಯ್ತಾ ಬೀಸಿದ್ದ. ಅಣ್ಣನ ಬಲ ಅಂಗೈ ಉದ್ದಕ್ಕೂ ಸೀಳಿತ್ತು. ಕಬ್ಬು ಕಡಿಯುವಾಗ ಕೈ ಜಾರಿತು ಎಂದು ಅಣ್ಣ ಪೊಲೀಸರಿಗೆ ಹೇಳಿದ. ಅದು ಹರ್ಷದನನ್ನು ಇನ್ನಷ್ಟು ಉರಿಸಿತ್ತು.

ಅಪ್ಪನ ರೇಡಿಯೋ ಇನ್ನೊಂದು ಮುಳ್ಳು. ಅದು ಸಣ್ಣವನಿಗೆ ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದ್ದ. ಅಣ್ಣ ಕಳಿಸಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ನಿಂದ ಐತಿ, ಯಾರು ಇಲ್ಲಂದ್ರು? ಮನಿಗೆ ಬಂದು ಒಯ್ಯಿ." ಹರ್ಷದ ಹೋಗಿರಲಿಲ್ಲ.

ಹಿಂದೆ ಆ ರೇಡಿಯೋ ಗಾಣದ ಮನೆಯ ಗೂಡಿನಲ್ಲಿರುತ್ತಿತ್ತು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವಾಗ ಧಾರವಾಡ ಕೇಂದ್ರದ ನಾಟಕ ಬರುತ್ತಿತ್ತು. ನಗೆನಾಟಕವಾದರೆ ಅಪ್ಪ ಬೆಲ್ಲ ತಿರುವುವುದನ್ನೂ ಬಿಟ್ಟು ನಗುತ್ತಿದ್ದ. ನಾಟಕದಲ್ಲಿ ಕೊಲೆ ಬಂದರೆ ಆಳುಗಳೆಲ್ಲ ಒಲೆಯ ಬಾಯಿಗೆ ಒತ್ತರಿಸಿ ಕೂರುತ್ತಿದ್ದರು. ಮರುದಿನ ಹುಡುಗರು ಅದನ್ನೇ ಆಡುತ್ತಿದ್ದರು. ಆಳಿನ ಮಗ ಮಲ್ಲಾರಿ ಕರಟ ಬಡಿದು ಕುದುರೆ ಓಡಿಸುತ್ತಿದ್ದ, ಪಾತ್ರಗಳೆಲ್ಲ ಅಣ್ಣನವು. ಹರ್ಷದನಿಗೆ ಆಡಲು ಬರುತ್ತಿರಲಿಲ್ಲ. ಅವನು ಕೇಳುವವನು. ಕೇಳುತ್ತ ಕೇಳುತ್ತ ಮೈಮರೆತು, "ಹೊಡಿ, ಇನ್ನೊಂದು ಹೊಡಿ" ಎಂದು ರೇಡಿಯೋಕ್ಕೇ ಹೇಳುತ್ತಿದ್ದ.

"ಏ ಹುಚ್ಚಪ್ಪಾ, ಅದಕ್ಕ ಕೇಳಸತೈತೇನ?" ಎಂದು ಅಪ್ಪ ಅವನ ತಲೆ ಸವರುತ್ತಿದ್ದ.

ಗಡ್ಡೆ-ಗೆಣಸನ್ನೂ ಮುಟ್ಟದ ಮನೆತನ. ರಕ್ತ ಕಂಡರೆ ಹರ್ಷದನಿಗೆ ಈಗಲೂ ತಲೆ ಸುತ್ತುತ್ತಿತ್ತು. ಆದರೆ ಕೆಲಸ ಮುಗಿಯಿತೆಂಬ ಮಲ್ಲಾರಿಯ ಬರೀ ಬಾಯಿಮಾತನ್ನು ನಂಬಲೂ ಮನಸ್ಸಿರಲಿಲ್ಲ. "ಫೋಟೋ ಬ್ಯಾಡ, ವ್ಹಿಡಿಯೋ ಬ್ಯಾಡ. ನಾಳೆ ಯಾರ ಕೈಗರ ಸಿಗತೈತಿ. ಬರೇ ಕೇಳಸು" ಎಂದಿದ್ದ. ಮಲ್ಲಾರಿ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, "ಕೇಳಸ್ತೇನ್ರಿ, ಸಾವಕಾರ" ಎಂದಿದ್ದ.

ಕೆಸರಿನಲ್ಲಿ ಹೆಜ್ಜೆಯ ಸದ್ದಾಯಿತು.

"ಯಾರು, ಮಲ್ಲಾರಿ ಏನೋ? ಹಬ್ಬದ ದಿನ ಇಲ್ಲ್ಯಾಕ ನಿಂತಿ?" ಅಣ್ಣನ ದನಿ.

ಉತ್ತರವಾಗಿ ಒಂದು ಪೆಟ್ಟು ಬಿತ್ತು. ಒದ್ದೆ ಚೀಲಕ್ಕೆ ಬಡಿದಂಥ ಸದ್ದು. ಅಣ್ಣ ಕೂಗಲಿಲ್ಲ, ಎದೆಯ ಗಾಳಿಯೆಲ್ಲ ಒಮ್ಮೆಲೇ ಹೊರಬಿದ್ದಂತಾಯಿತು. ಮತ್ತೊಂದು ಪೆಟ್ಟು. ಮತ್ತೊಂದು. ಆಮೇಲೆ ಎಲುಬು ಮುರಿಯಿತು. ಲಟ್ಟನೆ, ಒಂದೇ ಸಲಕ್ಕೆ.

ಈಗ ಅಣ್ಣ ಚೀರಿದ. ಕಣ್ಣಿಗಾದರೆ ರೆಪ್ಪೆಯಿದೆ, ಕಿವಿಗಿಲ್ಲ. ಫೋನು ಕೆಳಗಿಡಬಹುದಿತ್ತು. ಇಡಲಿಲ್ಲ.

"ಬ್ಯಾಡೋ... ನನ್ನ ತಮ್ಮಗ ಒಂದ ಮಾತು..." ಬಾಯಿ ತುಂಬ ರಕ್ತ ತುಂಬಿದವನ ಗುಳುಗುಳು ಮಾತು.

ಮಲ್ಲಾರಿಯ ಕೈ ನಿಂತಿತು. ಮಳೆ ಮಾತ್ರ ಕೇಳುತ್ತಿತ್ತು. ಏನನ್ನೋ ಕಾಯುವಂಥ ಮೌನ.

ಹರ್ಷದನ ಕಣ್ಣು ಮುಚ್ಚಿದ್ದವು. ಒಲೆಯ ಬಿಸಿ, ಬೆಲ್ಲದ ಹಬೆ, ಗೂಡಿನಲ್ಲಿ ರೇಡಿಯೋದ ದೀಪ. ತುಟಿ ತಾನಾಗಿಯೇ ಆಡಿತು.

"ಹೊಡಿ. ಇನ್ನೊಂದು ಹೊಡಿ."

ಆ ಕಡೆ ಯಾರೋ ಉಸಿರನ್ನು ಒಳಗೆಳೆದುಕೊಂಡರು. ಕೊನೆಯ ಪೆಟ್ಟು ಬಹಳ ತಡವಾಗಿ ಬಿತ್ತು, ಒಲ್ಲದ ಕೈಯಿಂದ ಬಿದ್ದಂತೆ. ಫೋನು ಕಡಿದುಹೋಯಿತು.

ಇನ್ನು ಊರಿನಿಂದ ಸುದ್ದಿ ಬರಬೇಕು. ಬಂದಾಗ ಹೇಗೆ ಬೊಬ್ಬೆಯಿಡಬೇಕು, ಯಾವ ಕೈಯಿಂದ ಹಣೆ ಬಡಿದುಕೊಳ್ಳಬೇಕು ಎಂದು ಹರ್ಷದ ಮನಸ್ಸಿನಲ್ಲೇ ತಾಲೀಮು ಮಾಡಿದ. ಮಧ್ಯಾಹ್ನವಾಯಿತು. ಸುದ್ದಿ ಬರಲಿಲ್ಲ. ಪಕ್ಕದ ಅಂಗಡಿಯ ದಾದಾಸಾಹೇಬ ಬಂದು ಕೈಮುಗಿದು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಿದ. ಹರ್ಷದನೂ ಕೈಮುಗಿದ. ಬೆರಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಊರಿಗೆ ಹೋಗಲಿಲ್ರಿ? ಅಣ್ಣಾರು ನಿಮ್ಮ ಹಾದಿ ನೋಡಿರ್ತಾರ" ಎಂದು ಹೇಳಿ ದಾದಾಸಾಹೇಬ ಹೊರಟುಹೋದ.

ಹನಿ ನಿಂತು ಬಿಸಿಲು ಮೂಡುವ ಹೊತ್ತಿಗೆ ಹೊಸ್ತಿಲಾಚೆ ಸದ್ದಾಯಿತು. ಲಟ್ಟನೆ. ಎಲುಬು ಮುರಿದ ಅದೇ ಸದ್ದು.

ಹರ್ಷದ ಬೆಚ್ಚಿ ತಲೆಯೆತ್ತಿದ. ಹೊರಗೆ ಮಲ್ಲಾರಿ ಮೊಣಕಾಲಿಗೆ ಒತ್ತಿ ಕಬ್ಬಿನ ಗಣಿಕೆ ಮುರಿಯುತ್ತ ನಿಂತಿದ್ದ. ಅವನ ಪಕ್ಕದಿಂದ ಬರಿಗಾಲಿನ, ಒದ್ದೆ ಧೋತರದ ಒಬ್ಬ ಒಳಗೆ ಬಂದ. ಮೈಮೇಲೆ ಒಂದು ಹೊಸ ಗೀರೂ ಇರಲಿಲ್ಲ. ಎದೆಗವಚಿ ತಂದಿದ್ದ ರೇಡಿಯೋವನ್ನು ಗಾದಿಯ ಮೇಲಿಟ್ಟು, ಹಬ್ಬದ ರೀತಿಯಂತೆ, ಸೀಳು ಕಲೆಯ ಅಂಗೈಯನ್ನು ಇನ್ನೊಂದಕ್ಕೆ ಜೋಡಿಸಿ ತಮ್ಮನಿಗೆ ಕೈಮುಗಿದ.

"ನಿಂದ ನಿನಗ ಮುಟ್ಟಸಾಕ ಬಂದೆ, ತಮ್ಮಾ" ಎಂದ ಸಮ್ಮೇದ, ಮೆಲ್ಲಗೆ. "ಇದರ ಮುಂದ ಏನ್ ಬೇಕಾದ್ರೂ ಅನ್ನು. ಇದಕ್ಕ ಕೇಳಸೂದಿಲ್ಲ."