ಸಾಬೀತಾದ ಮಾತ್ರೆ

"ಈ ಬಿ.ಪಿ. ಮಾತ್ರಿ ನನಗ ಆಗಿಬರಂಗಿಲ್ಲ ಅಂತ ಹೋದ ವಾರಾನ ಹೇಳಿದ್ನಿ, ನೀವು ಕೇಳಲಿಲ್ಲ," ಎಂದು ರೊಟ್ಟಿ ಬಡಿದು ಮಾರುವ ಕಾಶವ್ವ ಸುಟ್ಟ ಅಂಗೈ ಚಾಚಿದಳು. "ನಿನ್ನೆ ತಲಿ ಗಿರ್ರ್ ಅಂತ ತಿರುಗಿ, ಕಾದ ಹಂಚಿನ ಮ್ಯಾಲ ಕೈಯೂರಿ ಬಿದ್ನಿ. ಬ್ಯಾರೇದು ಬರದು ಕೊಡ್ರೀ ಸಾಹೇಬ್ರ."

ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಅಂಗೈ ನೋಡಲಿಲ್ಲ, ಕಂಪ್ಯೂಟರ್ ನೋಡಿದರು. ಅದರಲ್ಲಿ ಎಲ್ಲರೂ ಆರಾಮಾಗಿದ್ದರು.

"ಇದರಿಂದ ತಲೆ ತಿರುಗೋದಿಲ್ಲಮ್ಮಾ. ದೊಡ್ಡ ಅಧ್ಯಯನಾನೇ ಆಗಿದೆ. ಕೊನೇವರೆಗೂ ಮಾತ್ರೆ ತಗೊಂಡವರಲ್ಲಿ ಒಬ್ಬರಿಗೂ ತಲೆ ತಿರುಗಿಲ್ಲ."

"ನನಗ ತಿರಗತೈತಲ್ರೀ?"

"ನೀವು ಒಬ್ಬರು. ಒಬ್ಬರ ಅನುಭವ ಪುರಾವೆ ಆಗೋದಿಲ್ಲ."

"ಹಂಗಾದ್ರ ಸುಟ್ಟಿದ್ದು ಯಾರ ಕೈರೀ?"

"ಅದು ಕಾಕತಾಳೀಯ." ಡಾಕ್ಟರು ಅದೇ ಮಾತ್ರೆಯನ್ನು ಮತ್ತೆ ಬರೆದರು. "ನಂಬಿಕೆ ಇಡಿ. ಆ ಅಧ್ಯಯನ ನಡೆದದ್ದು ಎಲ್ಲೋ ಪರದೇಶದಲ್ಲಲ್ಲ, ನಿಮ್ಮೂರಿನ ಜನರ ಮೇಲೇ."

ಕಾಶವ್ವ ಚೀಟಿಯನ್ನು ಒಳ್ಳೆಯ ಕೈಯಿಂದ ಇಸಿದುಕೊಂಡು ಎದ್ದಳು.

"ಗೊತ್ತೈತ್ರೀ, ಅದರಾಗ ನಾನೂ ಇದ್ನಿ. ತಲಿ ತಿರಗತೈತಿ ಅಂದಕೂಡ್ಲೇ ನನ್ನ ಹೆಸರು ತಗದು, ನಾಳಿಂದ ಬರಬ್ಯಾಡವ್ವಾ ಅಂದ್ರು."