ಮೆಟ್ಟಿಲ ಸರದಿ

ಹಡಗು ಕಾರ್ಖಾನೆಗೆ ಹೊರಟ ಡೂಗಲ್ಡ್ ಬಾಗಿಲು ತೆರೆದರೆ, ವಠಾರದ ಮೆಟ್ಟಿಲು ತೊಳೆಯುವ ಸರದಿ ಯಾರದೆಂದು ತೋರಿಸುವ ರಟ್ಟು ಅವನ ಮನೆಯ ಬಾಗಿಲ ಹಿಡಿಕೆಗೇ ನೇತಾಡುತ್ತಿತ್ತು. ಕೆಳಗೆ ಬಕೆಟ್ಟು, ಬ್ರಷ್ಷು, ಮೆಟ್ಟಿಲ ಅಂಚಿಗೆ ಗೆರೆ ಎಳೆಯುವ ಸೀಮೆಸುಣ್ಣ. ಮೂರನೆಯ ಅಂತಸ್ತಿನಿಂದ ಬೀದಿಬಾಗಿಲವರೆಗೂ ಹೆಂಡತಿ ಎಫಿಯ ರಕ್ತ ಒಣಗಿ ಕಪ್ಪಾಗಿತ್ತು. ಅವಳೆಳೆದ ಗೆರೆ ಸೊಟ್ಟಗಿದೆಯೆಂದು ನಿನ್ನೆ ಸಂಜೆ ಅವನೇ ಅವಳ ಕೂದಲು ಹಿಡಿದು ಕೆಳಗೆ ನೂಕಿದ್ದ.

“ಏ ಮುದುಕಿ, ಈ ವಾರ ಸರದಿ ನಿಂದಲ್ವಾ?” ಎಂದು ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ಐಸಾಳನ್ನು ಗದರಿದ. “ಗಂಡಸಿನ ಕೈಲಿ ಮೆಟ್ಟಿಲು ತೊಳಸ್ತೀಯಾ? ಇಡೀ ಗ್ಲಾಸ್ಗೋ ನಗುತ್ತೆ!”

“ನಗ್ಲಿ ಬಿಡೋ. ಹೊಲಸು ಮಾಡ್ದೋನೇ ತೊಳೀಬೇಕು.”

ಅವನು ಬಕೆಟ್ಟಿಗೆ ಒದ್ದ. ಮರುಕ್ಷಣವೇ ಐಸಾಳ ಕಲ್ಲಿದ್ದಲ ಸಲಿಕೆ ಅವನ ಮೊಣಕಾಲ ಚಿಪ್ಪಿಗೆ ಬಿತ್ತು. ಕುಸಿದವನು ಮುಷ್ಟಿ ಎತ್ತಿದಾಗ ಮೆಟ್ಟಿಲ ತುಂಬ ಹೆಂಗಸರು ನಿಂತಿದ್ದರು. ಅವರಲ್ಲೊಬ್ಬಳು ಒಲೆ ಕೆದಕುವ ಸರಳಿನಿಂದ ಆ ಮುಷ್ಟಿಗೇ ಬಾರಿಸಿದಳು. ಬೆರಳು ಲಟಕ್ಕೆಂದಿತು. ಅವನು ಎಡಗೈಯಲ್ಲಿ ಬ್ರಷ್ಷು ಹಿಡಿದ.

ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ, ಗೆರೆ ಎಳೆದು, ಕುಂಟುತ್ತ ಮೇಲೆ ಬಂದ. ಕೆಲಸ ಮುಗಿದರೆ ರಟ್ಟು ಮುಂದಿನ ಸರದಿಯ ಮನೆಗೆ ಹೋಗಬೇಕು. ಅದನ್ನು ಐಸಾಳ ಬಾಗಿಲಿಗೆ ಸಿಕ್ಕಿಸಲು ಕೈ ಚಾಚಿದ. ಬಾಗಿಲು ತೆರೆಯಿತು. ಒಂದು ಕಣ್ಣು ಊದಿ ಮುಚ್ಚಿಹೋಗಿದ್ದ ಎಫಿ ಹೊರಬಂದು, ಅವನ ಕೈಯಿಂದ ರಟ್ಟು ಕಿತ್ತು, ಮತ್ತೆ ಅವನ ಬಾಗಿಲ ಹಿಡಿಕೆಗೇ ನೇತುಹಾಕಿದಳು. ಆಮೇಲೆ ಐಸಾಳ ಕೈಯಿಂದ ಸಲಿಕೆ ತೆಗೆದುಕೊಂಡಳು.

“ಗೆರೆ ಸೊಟ್ಟಗಿದೆ,” ಅಂದಳು.