ನೀರು ಒಲ್ಲದ ಸವಾರ

ಮೋಟರ್ ಸೈಕಲ್ ಅಂಗಳಕ್ಕೆ ಬಂದು ನಿಂತರೂ ಮಕಬೂಲಸಾಬ ಇಳಿಯಲಿಲ್ಲ. ಕುಂದಗೋಳದ ಅರ್ಧ ಊರು ಅವನ ಹಿಂದೆಯೇ ಓಡಿಬಂದಿತ್ತು. ಚರ್ಮದ ಟೋಪಿ, ಕಪ್ಪು ಕನ್ನಡಕ, ಮುಖದ ತುಂಬ ಎರೆಮಣ್ಣಿನ ಧೂಳು. ಯಾರ ಮನೆಯ ಮಗನೆಂದು ಯಾರಿಗೂ ಗುರುತು ಹತ್ತುವಂತಿರಲಿಲ್ಲ.

"ಹುಬ್ಬಳ್ಳಿ ಮುರುಗೆಪ್ಪ ಸಾವಕಾರ್ರು ಕಾಗದ ಕೊಟ್ಟಾರ್ರಿ," ಎಂದು ಲಕೋಟೆ ಚಾಚಿದ.

ಮನೆಯ ಹಿರಿಯಳು ಗೌರಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಲ್ಲ, ನೀರು ತಂದಳು.

"ಒಲ್ಲೆರಿ ಯವ್ವಾ."

"ಮಜ್ಜಿಗಿನಾದ್ರೂ ಕುಡಿ."

"ಏನೂ ಬ್ಯಾಡ್ರಿ. ಲಗೂ ಹೋಗಬೇಕ್ರಿ."

ಗೌರಕ್ಕ ಅವನ ಮುಖವನ್ನೇ ನೋಡಿದಳು. ಲಕೋಟೆ ಸೊಂಟದಲ್ಲಿದ್ದ ಹಾಗೆಯೇ ತಂಬಿಗೆ ಹಿಡಿದುಕೊಂಡು ಒಳಗೆ ಹೋದಳು. ಅವನು ಗಾಡಿ ತಿರುಗಿಸುವಷ್ಟರಲ್ಲಿ ಎದೆ ಬಡಿದುಕೊಂಡು ಅಳುವ ಸದ್ದು ಕೇಳಿಸಿತು.

ಓದು ಬಾರದ ಮಕಬೂಲಸಾಬನಿಗೆ ಆ ಅಳುವೇ ಕಾಗದ ಓದಿ ಹೇಳಿದಂತಾಯಿತು.

ಮುರುಗೆಪ್ಪನ ತಾಯಿ ಶಿವಬಸವ್ವ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿದ್ದ ಸುದ್ದಿ ಬಳಗಕ್ಕೆಲ್ಲ ಮುಟ್ಟಿತ್ತು. ಇಂದು ನಸುಕಿನಲ್ಲಿ, ಹೆಂಡತಿ ಅಬೀದಾ ಬಡಿಸಿದ ರೊಟ್ಟಿ ತಿಂದು ಮಕಬೂಲಸಾಬ ಹೊರಬರುವುದಕ್ಕೂ ಮುರುಗೆಪ್ಪ ಮೂರು ಲಕೋಟೆ ಹಿಡಿದು ಬಾಗಿಲಿಗೆ ಬರುವುದಕ್ಕೂ ಸರಿಹೋಗಿತ್ತು. ಅವನ ಕಣ್ಣು ಕೆಂಪಗಿದ್ದವು. "ಅವ್ವ..." ಎಂದವನಿಗೆ ಮುಂದೆ ಮಾತು ಹೊರಡಲಿಲ್ಲ. "ಎಲ್ಲೂ ಕೂಡಬ್ಯಾಡ, ಲಗೂ ಕೊಟ್ಟು ಬಾ," ಎಂದಷ್ಟೇ ಹೇಳಿ ಮುಖ ತಿರುಗಿಸಿದ್ದ. ಕೇಳುವ ಧೈರ್ಯ ಇವನಿಗೂ ಆಗಲಿಲ್ಲ.

ಮಕಬೂಲಸಾಬ ಮುರುಗೆಪ್ಪನ ಹತ್ತಿ ಜಿನ್ನಿನ ಮೇಸ್ತ್ರಿ. ಸಣ್ಣವನಿದ್ದಾಗ ತಾಯಿ ತೀರಿಕೊಂಡ ಮೇಲೆ ತುತ್ತು ಹಾಕಿ ಸಾಕಿದವಳು ಈ ಶಿವಬಸವ್ವ. ಮಣ್ಣಿಗೆ ಒಯ್ಯುವ ಮುಂಚೆ ಒಮ್ಮೆ ಅವಳ ಮುಖ ನೋಡಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಆದರೆ ಇನ್ನೂ ಎರಡು ಕಾಗದ ಉಳಿದಿದ್ದವು. ಸಾಹುಕಾರರ ಮನೆತನ ದೊಡ್ಡ ಬರದಲ್ಲಿ ಸೊಲ್ಲಾಪುರದ ಕಡೆಯಿಂದ ನಾಲ್ಕು ಚಕ್ಕಡಿ ಕಟ್ಟಿಕೊಂಡು ಬಂದದ್ದು. ಹುಬ್ಬಳ್ಳಿ, ಕುಂದಗೋಳ, ಅಣ್ಣಿಗೇರಿ, ನವಲಗುಂದ, ಒಂದೊಂದು ಊರಲ್ಲಿ ಒಂದೊಂದು ಚಕ್ಕಡಿ ನಿಂತುಬಿಟ್ಟಿತು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ನಾಲ್ಕೂ ಮನೆಯವರು ಕೂಡಲೇಬೇಕು. ಅವನು ಕಣ್ಣೊರೆಸಿಕೊಂಡು ಗಾಡಿಯ ವೇಗ ಹೆಚ್ಚಿಸಿದ.

ಅಣ್ಣಿಗೇರಿಯಲ್ಲಿ ಫಕೀರಪ್ಪ ಕಟ್ಟೆಯ ಮೇಲೆಯೇ ಕುಳಿತಿದ್ದ. ಮುರುಗೆಪ್ಪನ ಹೆಸರು ಹೇಳಿ ಲಕೋಟೆ ಕೊಟ್ಟೊಡನೆ ನೀರು ಬಂತು. ಮಕಬೂಲಸಾಬ ತಲೆ ಅಲ್ಲಾಡಿಸಿದ. ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲವೆಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಫಕೀರಪ್ಪ ಲಕೋಟೆ ಒಡೆಯಲೇ ಇಲ್ಲ. ಅಂಥ ಕಾಗದ ಮನೆಯಲ್ಲಿ ಇಡಬಾರದೆಂದು ಹಾಗೆಯೇ ಹರಿದು ಬೀದಿಗೆ ಚೆಲ್ಲಿದ.

"ಛಲೋ ಜೀವ ಇತ್ತು ಮುದುಕಿ," ಎಂದ.

"ಖರೇ ಮಾತ್ರಿ," ಎಂದ ಮಕಬೂಲಸಾಬ. ಗಾಡಿ ತಿರುಗಿಸಿದ. ಹಿಂದೆ ಫಕೀರಪ್ಪ ಚಕ್ಕಡಿ ಹೂಡಲು ಕೂಗುತ್ತಿದ್ದ.

ನವಲಗುಂದದಲ್ಲಿ ಕಾಗದ ತೆಗೆಯುವ ಮೊದಲೇ ಅವನಿಗೆ ಅಳು ಬಂತು. ಅವನನ್ನು ನೋಡಿ ಮನೆಯವರೂ ಅತ್ತರು. ಯಾರೂ ಏನೂ ಕೇಳಲಿಲ್ಲ, ಲಕೋಟೆ ಒಡೆಯಲೂ ಇಲ್ಲ. ಒಬ್ಬಾಕೆ ತಂಬಿಗೆ ತಂದವಳು, ಪದ್ಧತಿ ನೆನಪಾಗಿ ಹಿಂದಕ್ಕೆ ಒಯ್ದಳು.

ದಾರಿಯಲ್ಲಿ ಗಾಡಿ ಎರಡು ಸಲ ಕೆಟ್ಟು ನಿಂತಿದ್ದರಿಂದ ಹುಬ್ಬಳ್ಳಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಓಣಿಯಲ್ಲಿ ಅಳುವಿಲ್ಲ, ಭಜನೆಯಿಲ್ಲ. ಎಲ್ಲ ಮುಗಿಸಿಬಿಟ್ಟಿದ್ದಾರೆ ಎಂದುಕೊಂಡ. ಟೋಪಿ ತೆಗೆದು ಪಡಸಾಲೆಗೆ ಕಾಲಿಟ್ಟ.

ಗೋಡೆಗೆ ಆತುಕೊಂಡು ಶಿವಬಸವ್ವ ಕುಳಿತಿದ್ದಳು.

"ಏನಂದ್ರೋ?" ಮುರುಗೆಪ್ಪ ನಗುತ್ತ ಎದುರಿಗೆ ಬಂದ. "ಅವ್ವಗ ಜ್ವರಾ ಬಿಟ್ಟೈತಿ, ಸೋಮವಾರ ಊಟಕ್ಕ ಬರ್ರಿ ಅಂತ ಬರದಿದ್ದೆ. ಎಲ್ಲಾರೂ ಹಿಗ್ಗಿರಬೇಕಲ್ಲ?"

"ಹೊಂಟಾರ್ರಿ," ಎಂದ ಮಕಬೂಲಸಾಬ. "ಇವತ್ತ ಹೊಂಟಾರ್ರಿ."

"ತಡಿಯೋ ಮುರುಗಾ, ಆಮ್ಯಾಲ ಕೇಳೀಯಂತ," ಎಂದು ಶಿವಬಸವ್ವ ತಂಬಿಗೆ ಮುಂದೆ ಸರಿಸಿದಳು. "ಮಸೂತ್ಯಾಗ ಬಾಂಗ ಆತು, ಮೊದಲ ರೋಜಾದ ಉಪಾಸ ಬಿಡು ಮಗಾ, ನಸುಕಿನಿಂದ ಯಾರ ಮನ್ಯಾಗೂ ಒಂದ ಹನಿ ನೀರ ಮುಟ್ಟಿರಾಕಿಲ್ಲ ನೀ."